ಖಾಸಗಿ ಶಾಲೆಗಳಲ್ಲಿ ಕನ್ನಡದ ಪೀರಿಯಡ್: ಕೇರಳದ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಾಸರಗೋಡು ಪೇಟೆಯಲ್ಲಿ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೊರಟ ನಮ್ಮಂಥವರಿಗೆ ಬೇಕಾದದ್ದು ಎರಡೇ. ಯಾವ ಮತದ ಆಡಳಿತಕ್ಕೂ ಸೇರದ, ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆ. ಅಲ್ಲಿ ದಿನಕ್ಕೊಂದು ಕನ್ನಡದ ಪೀರಿಯಡ್. ಕನ್ನಡ ಬೇಕೆಂದರೆ ಸರಕಾರಿ, ಅನುದಾನಿತ ಶಾಲೆಗಳ ಕನ್ನಡ ವಿಭಾಗಗಳಿವೆ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಹೋದರೆ ಹಲವು ಕಡೆ ಕನ್ನಡವನ್ನು ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ನಾವು ಮೆಚ್ಚಿ ಹೋದ ಒಂದು ಶಾಲೆಯವರು "ಮಲಯಾಳ ಇದೆ, ಹಿಂದಿ ಇದೆ, ಕನ್ನಡಕ್ಕೆ ಟೀಚರ್ ಇಲ್ಲ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಅರ್ಜಿಯಲ್ಲಿ ಮಾತೃಭಾಷೆ ತುಳು ಅಂತ ಬರೆದಿದ್ದೀರಲ್ಲ, ನಿಮಗೆ ಕನ್ನಡ ಯಾಕೆ ಎಂದೂ ಕೇಳಿದರು.

ತಿರುವನಂತಪುರದಲ್ಲಿ ಕುಳಿತವರಿಗೂ ಈ ಪ್ರಶ್ನೆ ಸಹಜವಾಗಿ ಕಾಣಬಹುದು, ಅದಕ್ಕೇ ಉತ್ತರಿಸುತ್ತೇನೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಮಾತಾಡುವವರು ಇಲ್ಲಿ ತಲೆಮಾರುಗಳಿಂದ ಶಾಲೆಯಲ್ಲಿ ಓದಿದ್ದು, ಮಗಳ ಮನೆಗೆ ಕಾಗದ ಬರೆದದ್ದು ಕನ್ನಡದಲ್ಲಿ. ಜಾತಿ, ಮತ ಕೇಳದೆ ಎಲ್ಲರ ಕೈಗೂ ಅಕ್ಷರ ಕೊಟ್ಟ ಭಾಷೆಗೆ ಮತದ ಹಂಗಿಲ್ಲದ ಶಾಲೆಯಲ್ಲೇ ಜಾಗವಿಲ್ಲ ಎಂದರೆ ಸಂಕಟವಾಗುತ್ತದೆ.

ಖಾಸಗಿಯವರಿಗೆ ಸರಕಾರ ಹೇಗೆ ಹೇಳುವುದು ಎನ್ನಬೇಡಿ. ಹೇಳಿದ್ದೀರಿ. 2017ರ ಕಾಯ್ದೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಮಲಯಾಳವನ್ನು ಕಡ್ಡಾಯ ಮಾಡಿದಾಗ ಸಿಬಿಎಸ್‌ಇ ಶಾಲೆಗಳನ್ನೂ ಬಿಡಲಿಲ್ಲ. ತಪ್ಪಿದರೆ ಮುಖ್ಯೋಪಾಧ್ಯಾಯರಿಗೆ 5,000 ರೂಪಾಯಿ ದಂಡ ಎಂದೂ ಬರೆದಿರಿ. ನನ್ನ ಮಗಳು ಮಲಯಾಳ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಇದು ಅವಳ ರಾಜ್ಯದ ಭಾಷೆ. ಆದರೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 350ಎ ವಿಧಿಯೂ ಇದೆ. ನಾವು ಕೇಳುತ್ತಿರುವುದು ಅಷ್ಟನ್ನೂ ಅಲ್ಲ, ಒಂದು ಪೀರಿಯಡ್ ಮಾತ್ರ.

ಟೀಚರ್ ಸಿಗುವುದಿಲ್ಲ ಎಂಬ ನೆಪವನ್ನು ಒಪ್ಪಬೇಡಿ. ಕಾಸರಗೋಡಿನ ವಿದ್ಯಾನಗರದ ಸರಕಾರಿ ಕಾಲೇಜಿನಲ್ಲೇ ಕನ್ನಡ ಎಂ.ಎ. ಇದೆ. ಅಲ್ಲಿ ಓದಿದವರು ಕೆಲಸಕ್ಕಾಗಿ ಮಂಗಳೂರಿನ ರೈಲು ಹತ್ತುತ್ತಾರೆ. ಸಿಬಿಎಸ್‌ಇಯ ಭಾಷಾ ವಿಷಯಗಳಲ್ಲಿ ಕನ್ನಡವೂ ಒಂದು. ಪಠ್ಯ ಹೊಸದಾಗಿ ಬರೆಯಬೇಕಾಗಿಲ್ಲ.

ಖಾಸಗಿ ಶಾಲೆಗಳಿಗೆ ನಿರಾಕ್ಷೇಪಣಾ ಪತ್ರ ಕೊಡುವುದು ನಿಮ್ಮ ಇಲಾಖೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮಟ್ಟಿಗೆ ಅದರಲ್ಲಿ ಒಂದು ಷರತ್ತು ಸೇರಿಸಿ: ಹೆತ್ತವರು ಕೇಳಿದರೆ ಕನ್ನಡ ಕಲಿಸಬೇಕು, ಮನೆಮಾತು ಯಾವುದೆಂದು ನೋಡಿ ನಿರಾಕರಿಸಬಾರದು, ಅದಕ್ಕೆಂದು ಬೇರೆ ಫೀಸು ತೆಗೆದುಕೊಳ್ಳಬಾರದು. ಮುಂದಿನ ದಾಖಲಾತಿ ಶುರುವಾಗುವ ಮೊದಲೇ ಆದೇಶ ಹೊರಡಿಸಿ, ಅದರ ಕನ್ನಡ ಪ್ರತಿಯನ್ನು ಪ್ರತಿ ಶಾಲೆಯ ನೋಟೀಸ್ ಬೋರ್ಡಿನಲ್ಲಿ ಹಾಕಿಸಿ.

ಇತಿ,
ಕಾಸರಗೋಡಿನ ಒಬ್ಬ ತಾಯಿ