ಹಳೆಯ ವಿಟಿವಿಎಂಗೆ ಕೈಹಾಕುವ ಮೊದಲು

ಚಿ. ಮೇಘಾಳಿಗೆ, ಸೋದರಮಾವನ ಆಶೀರ್ವಾದಗಳು.

ಕ್ಸೀನಿಯಾದ ಹ್ಯಾಮ್ ರೇಡಿಯೋದವರ ಹ್ಯಾಮ್‌ವೆನ್ಷನ್ ಸಂತೆಯಿಂದ ನೀನು ಹೊತ್ತು ತಂದ ಹೀತ್‌ಕಿಟ್ ಐಎಂ-18 ವಿಟಿವಿಎಂನ, ಅಂದರೆ ವಾಲ್ವಿನ ವೋಲ್ಟ್‌ಮೀಟರಿನ, ಫೋಟೋ ನೋಡಿದೆ. ಮಿಷಿಗನ್ನಿನ ಬೆಂಟನ್ ಹಾರ್ಬರ್‌ನಿಂದ ಕಿಟ್ ಆಗಿ ಹೊರಟ ಸಾಮಾನು ಅದು. ಬೆಸುಗೆ ಹಾಕಿದವರು ಯಾರೋ, ಅವರ ಕೈ ಹೇಗಿತ್ತೋ. ಒಳಗಿನ ಪ್ರತಿ ಬೆಸುಗೆಯನ್ನೂ ಅನುಮಾನದಿಂದಲೇ ನೋಡು. ಮುಂದಿನ ಪ್ಯಾನೆಲ್ ಕೊರೆದು ಬಿಎನ್‌ಸಿ (ತಿರುಗಿಸಿ ಸಿಕ್ಕಿಸುವ ಕೇಬಲ್ ಸಾಕೆಟ್) ಕೂರಿಸಲೇ ಅಂತ ಕೇಳಿದ್ದೀಯ. ಖಂಡಿತ ಬೇಡ. ಏನೇ ಬದಲಾಯಿಸಿದರೂ, ನಾಳೆ ಬಿಚ್ಚಿ ತೆಗೆದರೆ ಮೀಟರು ಮೊದಲಿನಂತೆಯೇ ಇರಬೇಕು.

ಮೊದಲು ಕರೆಂಟಿನ ವೈರು. ಎರಡು ಪಿನ್ನಿನದನ್ನು ತೆಗೆದು ಮೂರು ಪಿನ್ನಿನದು ಹಾಕು. ನಿಮ್ಮ ಅಮೆರಿಕದಲ್ಲಿ ಕಪ್ಪು ವೈರು ಲೈವ್. ಅದು ಕಾಲು ಆಂಪಿಯರಿನ ಸ್ಲೋ ಬ್ಲೋ ಫ್ಯೂಸಿಗೆ ಹೋಗಿ, ಅಲ್ಲಿಂದ ಸ್ವಿಚ್ಚಿಗೆ ಬರಲಿ. ಹಸಿರನ್ನು ಡಬ್ಬಿಗೆ ಬಿಗಿ. ಇದರಲ್ಲಿ ಒಂದು ಅಪಾಯವಿದೆ, ಮರೆಯಬೇಡ: ಮೀಟರಿನ ಕಾಮನ್ (ಮೈನಸ್ ಕಡೆಯ) ಕ್ಲಿಪ್ಪಿಗೂ ಡಬ್ಬಿಗೂ ಒಳಗೇ ಸಂಪರ್ಕವಿದೆ. ಮೂರು ಪಿನ್ ಹಾಕಿದ ಮೇಲೆ ಕಾಮನ್ ಅಂದರೆ ಅರ್ಥಿಂಗ್. ಟ್ರಾನ್ಸ್‌ಫಾರ್ಮರ್ ಇಲ್ಲದ ರೇಡಿಯೋದ ಚಾಸಿಗೋ (ಒಳಗಿನ ಲೋಹದ ಚೌಕಟ್ಟು) ಎಸ್‌ಎಂಪಿಎಸ್‌ನ (ಸ್ವಿಚಿಂಗ್ ಪವರ್ ಸಪ್ಲೈ) ಪ್ರೈಮರಿಗೋ ಆ ಕ್ಲಿಪ್ ಕಚ್ಚಿಸಿದರೆ ಲೈವ್ ನೇರ ಅರ್ಥಿಂಗಿಗೆ ಶಾರ್ಟ್. ಹಳೆಯ ವೈರೇ ಇದ್ದಿದ್ದರೆ ಶಾರ್ಟ್ ಆಗುತ್ತಿರಲಿಲ್ಲ, ಮೀಟರಿನ ಡಬ್ಬಿಯೇ ಲೈವ್ ಆಗುತ್ತಿತ್ತು. ಅದು ಇದಕ್ಕಿಂತ ಕೆಟ್ಟದ್ದು. ಅಂಥ ಸೆಟ್ಟುಗಳನ್ನು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮೇಲೆ ಇಟ್ಟೇ ಅಳೆ. ಮೀಟರನ್ನಲ್ಲ, ರಿಪೇರಿಗೆ ಬಂದ ಸೆಟ್ಟನ್ನು.

ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಬದಲಿಸಿಬಿಡು, 22 ಮೈಕ್ರೋಫ್ಯಾರಡ್ 250 ವೋಲ್ಟ್ ಸಾಕು. ಮೊದಲ ಸಲ ಆನ್ ಮಾಡುವಾಗ 25 ವ್ಯಾಟಿನ ಹಳೇ ಕಾಲದ ಬಲ್ಬನ್ನು ಸೀರೀಸಿನಲ್ಲಿ ಹಾಕು. ಬಲ್ಬು ಪೂರ್ತಿ ಉರಿದರೆ ತಕ್ಷಣ ಆರಿಸು.

ಇನ್ನು ಸೆಲ್ಲಿನ ವಿಷಯ. ಓಮ್ಸ್ ಅಳೆಯಲು ಒಳಗೆ ಸಿ ಸೈಜಿನ 1.5 ವೋಲ್ಟ್ ಸೆಲ್ ಇದೆ. ಈ ಮೀಟರುಗಳು ಹಾಳಾಗುವುದು ಹೆಚ್ಚಾಗಿ ಅದು ಸೋರಿಯೇ. ಹೋಲ್ಡರಿನ ಮೇಲೆ ಬಿಳಿ ಪುಡಿ ಕಂಡರೆ ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ನೀರಿನಿಂದ ಇನ್ನೊಮ್ಮೆ ಒರೆಸಿ ಒಣಗಿಸು. ತಿಂಗಳಿಗೊಮ್ಮೆ ಓಮ್ಸ್ ನೋಡುವುದಾದರೆ ಸಿ ಅಡಾಪ್ಟರಿನಲ್ಲಿ ಒಂದು 1.5 ವೋಲ್ಟಿನ ಲಿಥಿಯಂ ಎಎ ಸೆಲ್ ಹಾಕಿ ಸುಮ್ಮನಿರು. ದಿನಾ ಬೇಕು ಅನ್ನುವುದಾದರೆ ಮಾತ್ರ ಮುಂದಿನದನ್ನು ಓದು, ಸೆಲ್ಲಿನ ಬದಲು ಕರೆಂಟಿನಿಂದಲೇ 1.5 ವೋಲ್ಟ್ ಕೊಡುವ ದಾರಿ ಅದು.

ಓಮ್ಸ್‌ನ ಅತಿ ಸಣ್ಣ ರೇಂಜಾದ ಆರ್×1ರಲ್ಲಿ ಪ್ರೋಬ್ ಶಾರ್ಟ್ ಮಾಡಿದರೆ ಸೆಲ್ಲಿನಿಂದ ಸುಮಾರು 150 ಮಿಲಿಆಂಪಿಯರ್ ಹರಿಯುತ್ತದೆ. ಅಷ್ಟನ್ನು ಕೊಡಲು 6.3 ವೋಲ್ಟ್, ಅರ್ಧ ಆಂಪಿಯರಿನ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡುಗಳ ಬ್ರಿಜ್, 1000 ಮೈಕ್ರೋಫ್ಯಾರಡ್ 25 ವೋಲ್ಟ್, ಆಮೇಲೆ ಎಲ್‌ಎಂ317 ವೋಲ್ಟೇಜ್ ರೆಗ್ಯುಲೇಟರ್. ಔಟ್‌ಪುಟ್ಟಿನಿಂದ ಅಡ್ಜಸ್ಟ್ ಪಿನ್ನಿಗೆ 120 ಓಮ್, ಅಡ್ಜಸ್ಟಿನಿಂದ ಮೈನಸ್ಸಿಗೆ 24 ಓಮ್: ಸರಿಯಾಗಿ 1.5 ವೋಲ್ಟ್ ಬರುತ್ತದೆ. ಸರ್ಕ್ಯೂಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 240 ಓಮ್ ಹಾಕಿದರೆ ಖಾಲಿ ಇರುವಾಗ 5 ಮಿಲಿಆಂಪಿಯರ್ ಮಾತ್ರ ಹರಿಯುತ್ತದೆ. ಕೆಲವು 317ಗಳಿಗೆ 10 ಬೇಕು, ಇಲ್ಲದಿದ್ದರೆ ವೋಲ್ಟೇಜ್ ಮೇಲೇರುತ್ತದೆ. 317ರ ಲೋಹದ ಬೆನ್ನು ಔಟ್‌ಪುಟ್ಟಿಗೆ ಸೇರಿದ್ದು. ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಇಲ್ಲದೆ ಡಬ್ಬಿಗೆ ಬಿಗಿಯಬೇಡ.

ವಾಲ್ವಿನ ಹೀಟರ್‌ನ 6.3 ವೋಲ್ಟೇ ಇದೆಯಲ್ಲ, ಅದನ್ನೇ ಬಳಸಿದರೆ? ಆ ವೈಂಡಿಂಗ್ ಮೊದಲೇ ಚಾಸಿಗೆ ಕಟ್ಟಿಕೊಂಡಿರುತ್ತದೆ. ಬ್ರಿಜ್ ಹಾಕಿ ಮೈನಸ್ಸನ್ನೂ ಚಾಸಿಗೆ ಕೊಟ್ಟರೆ ಒಂದು ಡಯೋಡು ಶಾರ್ಟಿಗೆ ಸಿಕ್ಕಿ ಹೋಗುತ್ತದೆ. ಫೋನ್ ಚಾರ್ಜರೂ ಬೇಡ, ಅದರ ಸ್ವಿಚಿಂಗ್ ಗಲಾಟೆ ಅಳತೆಯೊಳಗೆ ಬರುತ್ತದೆ.

ಎಲ್ಲರೂ ಎಡವುವುದು ಇಲ್ಲಿ. ಆರ್×1ರ ಮಧ್ಯದ ಗೆರೆ 10 ಓಮ್, ಆದರೆ ಹೀತ್‌ನವರು ಒಳಗೆ ಹಾಕಿದ ರೆಸಿಸ್ಟರ್ 9.1 ಓಮ್. ಉಳಿದ 0.9 ಸೆಲ್ಲಿನ ಒಳರೋಧದ ಲೆಕ್ಕ. ರೆಗ್ಯುಲೇಟರಿಗೆ ಒಳರೋಧ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ 10 ಓಮಿನ ರೆಸಿಸ್ಟರ್ 11 ತೋರಿಸುತ್ತದೆ. ಕಾಂಟ್ಯಾಕ್ಟ್ ತುಕ್ಕು ಹಿಡಿದಿದ್ದರೆ ಇದಕ್ಕೆ ತಿರುಗಾಮುರುಗಾ, 9ಕ್ಕೆ ಇಳಿಯುತ್ತದೆ. ಮೊದಲು ಈ 1.5 ವೋಲ್ಟಿನ ವೈರಿಗೆ ಸೀರೀಸಿನಲ್ಲಿ 250 ಮಿಲಿಆಂಪಿಯರಿನ ಫ್ಯೂಸ್ ಹಾಕು, ಓಮ್ಸ್‌ನಲ್ಲಿಟ್ಟು ಮರೆತು ವೋಲ್ಟ್ ಅಳೆದಾಗ ಅದೇ ಕಾಯುವುದು. ಫ್ಯೂಸಿಗೂ ಒಂದಿಷ್ಟು ರೋಧ ಇರುತ್ತದೆ. ಆಮೇಲೆ ಶೇಕಡಾ 1ರ 10 ಓಮ್ ರೆಸಿಸ್ಟರ್ ಕಚ್ಚಿಸಿ, ಮುಳ್ಳು 10ರ ಮೇಲೆ ನಿಲ್ಲುವವರೆಗೆ ಇನ್ನೆಷ್ಟು ರೋಧ ಬೇಕೋ ಅಷ್ಟನ್ನು ಸೀರೀಸಿನಲ್ಲಿ ಸೇರಿಸು. ಪ್ರತಿ ಸಲವೂ ಪ್ರೋಬ್ ಬಿಟ್ಟು ಮುಳ್ಳನ್ನು ಸ್ಕೇಲಿನ ಇನ್ಫಿನಿಟಿ ಗೆರೆಗೆ ಸರಿಮಾಡಿಕೊಂಡೇ ನೋಡು.

ಈ 1.5 ವೋಲ್ಟನ್ನು ಹೋಲ್ಡರಿಗೆ ಬೆಸೆಯಬೇಡ. 26 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದದ ಮರದ ಗೂಟ ಕತ್ತರಿಸಿ, ಎರಡೂ ತುದಿಗೆ ಹಿತ್ತಾಳೆ ಸ್ಕ್ರೂ ಹಾಕಿ, ಸ್ಕ್ರೂ ತಲೆಗಳಿಗೆ ವೈರು ಕೊಡು. ಗೂಟದ ಮೇಲೆ ಪ್ಲಸ್ ಮೈನಸ್ ಬರೆದು ಸೆಲ್ಲಿನ ಜಾಗಕ್ಕೆ ತುರುಕು. ಸೆಲ್ ಬೇಕೆನಿಸಿದ ದಿನ ಗೂಟ ಕಿತ್ತರಾಯಿತು.

ಬಿಎನ್‌ಸಿ ಬೇಕೇ ಬೇಕಾದರೆ ಕಾಲಿಂಚಿನ ಫೋನ್ ಪ್ಲಗ್ಗಿನಿಂದ ಬಿಎನ್‌ಸಿಗೆ ಒಂದು ಗೇಣುದ್ದದ ವೈರು ಹೊರಗೆ ಮಾಡಿಕೋ. ಡಿಸಿಗೆ ಪ್ರೋಬಿನ ತುದಿಯಲ್ಲಿ 1 ಮೆಗಓಮ್ ಇರಲೇಬೇಕು. ಅದು ಬಿಟ್ಟುಹೋದರೆ ಮೀಟರು ತೋರಿಸುವುದು ಶೇಕಡಾ 10 ಜಾಸ್ತಿ, ಏಕೆಂದರೆ ಒಳಗಿರುವುದು 10 ಮೆಗಓಮ್, ಸ್ಕೇಲ್ ಬರೆದದ್ದು ಒಟ್ಟು 11ಕ್ಕೆ. ಆಸಿಲೋಸ್ಕೋಪಿನ ಹತ್ತುಪಟ್ಟು (×10) ಪ್ರೋಬ್ ಸಿಕ್ಕಿಸಿದರೆ 10 ವೋಲ್ಟ್ 5.8 ಆಗಿ ಕಾಣುತ್ತದೆ. ಎಸಿ ಮತ್ತು ಓಮ್ಸ್‌ಗೆ ರೆಸಿಸ್ಟರ್ ಇಲ್ಲದ ಇನ್ನೊಂದು ಕೇಬಲ್ ಇಟ್ಟುಕೋ, ಎರಡಕ್ಕೂ ಬೇರೆ ಬೇರೆ ಬಣ್ಣದ ಸ್ಲೀವ್ ಹಾಕು. ಸಾಮಾನ್ಯ ಬಿಎನ್‌ಸಿ ತಡೆಯುವುದು 500 ವೋಲ್ಟ್. 1500ರ ರೇಂಜಿಗೆ ಹಳೆಯ ಪ್ರೋಬೇ ಗತಿ.

ಕೊನೆಗೆ, ಎಸಿ ರೇಂಜಿನಲ್ಲಿಟ್ಟು 9 ವೋಲ್ಟ್ ಬ್ಯಾಟರಿ ಮುಟ್ಟಿಸು. ಮುಳ್ಳು ಒಮ್ಮೆ ಹಾರಿ ಸೊನ್ನೆಗೆ ಮರಳಬೇಕು. ಅಲ್ಲೇ ನಿಂತರೆ ಎಸಿ ಇನ್‌ಪುಟ್ ಕೆಪಾಸಿಟರ್ ಸೋರುತ್ತಿದೆ, ಬದಲಿಸು. ಡಿಸಿ ರೇಂಜ್ ತಿರುಗಿಸಿದಾಗೆಲ್ಲ ಸೊನ್ನೆ ಜರುಗಿದರೆ ಅದಕ್ಕೆ ಕಾರಣ 12ಎಯು7 ವಾಲ್ವಿನ ಗ್ರಿಡ್ ಕರೆಂಟ್. ಹೊಸ ವಾಲ್ವ್ ಹಾಕಿದರೆ ಎರಡು ದಿನ ಆನ್ ಮಾಡಿಟ್ಟು ಪಳಗಿದ ಮೇಲೇ ಕ್ಯಾಲಿಬ್ರೇಷನ್ನಿಗೆ ಕೈಹಾಕು.

ಫ್ಯೂಸ್ ಸೇರಿಸಿದ ಮೇಲೆ 10 ಓಮ್ ಎಷ್ಟು ತೋರಿಸಿತು, ಬರೆ.

ಇಂತಿ,
ನಿನ್ನ ಸೋದರಮಾವ