ಟುಲೂಸ್‌ನಿಂದ ಅಣ್ಣನಿಗೆ

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮೊಣಕಾಲಿನ ನೋವಿಗೆ ಆಟ ಬಿಟ್ಟ ನೀನು ಈಗ ಆಸ್ಟಿನ್ ಟೌನಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೀಯೆ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ತುಂಬಾ ಸಂತೋಷವಾಯಿತು. ಆಗಲೇ ನಿನಗೆ ಫ್ರಾನ್ಸಿನ ಫುಟ್‌ಬಾಲ್ ಆಟಗಾರ ಜುಸ್ಟ್ ಫಾಂಟೇನ್ ವಿಷಯ ಬರೆಯಬೇಕೆನ್ನಿಸಿತು. ಮೊರಾಕೊದ ಮರ್ರಾಕೇಶ್‌ನಲ್ಲಿ ಹುಟ್ಟಿದ ಅವರು 2023ರ ಮಾರ್ಚ್‌ನಲ್ಲಿ ತೀರಿಕೊಂಡದ್ದು ನಾನಿರುವ ಈ ಊರಿನಲ್ಲೇ. ಆಗ ಅವರಿಗೆ 89 ವರ್ಷ.

1958ರ ಸ್ವೀಡನ್ ವಿಶ್ವಕಪ್‌ನಲ್ಲಿ 6 ಪಂದ್ಯಗಳಿಂದ 13 ಗೋಲು ಹೊಡೆದವರೆಂದು ನಿನಗೆ ಗೊತ್ತೇ ಇದೆ. ಆ ಗೋಲುಗಳನ್ನು ಹೊಡೆದದ್ದು ಎರವಲು ಬೂಟಿನಲ್ಲಿ. ತಮ್ಮ ಬೂಟು ಹರಿದುಹೋದಾಗ ತಂಡದ ಸ್ತೆಫಾನ್ ಬ್ರುವೆ ಅವರದನ್ನು ಹಾಕಿಕೊಂಡು ಆಡಿದರು. ಮೂರನೇ ಸ್ಥಾನದ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯ ಮೇಲೆ ಒಬ್ಬರೇ 4 ಗೋಲು ಹೊಡೆದರು. 2022ರ ವಿಶ್ವಕಪ್‌ನಲ್ಲಿ ಎಂಬಾಪೆಯಂಥ ಆಟಗಾರನಿಗೂ 8 ಗೋಲಿಗಿಂತ ಮುಂದೆ ಹೋಗಲಾಗಲಿಲ್ಲ.

ಆದರೆ ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆಮೇಲಿನ ಬದುಕನ್ನು ತಿಳಿದುಕೊಂಡಾಗ. ಎರಡು ಸಲ ಕಾಲು ಮುರಿದು, 1962ರಲ್ಲಿ, 28ರ ವಯಸ್ಸಿಗೇ ಆಟ ನಿಲ್ಲಿಸಬೇಕಾಯಿತು. ಅಷ್ಟರಲ್ಲಾಗಲೇ, 1961ರಲ್ಲಿ, ಯೂಜೀನ್ ಎನ್‌ಜೊ ಲೆಯಾ ಮೊದಲಾದವರ ಜೊತೆ ಸೇರಿ ಫ್ರಾನ್ಸಿನ ವೃತ್ತಿಪರ ಆಟಗಾರರ ಸಂಘವನ್ನು ಕಟ್ಟಿದ್ದರು. ಆಗ ಒಮ್ಮೆ ಕ್ಲಬ್ಬಿಗೆ ಸಹಿ ಹಾಕಿದವನು 35 ವರ್ಷದವರೆಗೆ ಅದರ ಸೊತ್ತು. ಬೇರೆ ಕಡೆ ಹೋಗುವ ಮಾತು ಅವನ ಕೈಯಲ್ಲಿರಲಿಲ್ಲ. ಆ ಕಟ್ಟು ಸಡಿಲವಾದದ್ದು 1969ರಲ್ಲಿ, ನಿಗದಿತ ಅವಧಿಯ ಕರಾರು ಬಂದ ಮೇಲೆ. ಹೆಸರು, ಹಣ ಎರಡೂ ಇದ್ದ ಆಟಗಾರ ಉಳಿದವರಿಗಾಗಿ ಇದನ್ನು ತಲೆಗೆ ಹಚ್ಚಿಕೊಂಡದ್ದು ದೊಡ್ಡ ವಿಷಯ, ಅಣ್ಣ.

ತರಬೇತುದಾರರಾಗಿ ಅವರ ಆರಂಭ ಕಹಿಯಾಗಿತ್ತು. 1967ರಲ್ಲಿ ಫ್ರಾನ್ಸ್ ತಂಡವನ್ನು ವಹಿಸಿಕೊಂಡರು; ಎರಡು ಪಂದ್ಯ, ಎರಡೂ ಸೋಲು, ಅಲ್ಲಿಗೇ ಮುಗಿಯಿತು. ಬೇರೆಯವರಾದರೆ ಮೈದಾನದತ್ತ ತಿರುಗಿಯೂ ನೋಡುತ್ತಿರಲಿಲ್ಲ. ಇವರು 1974ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವನ್ನು ಮೊದಲ ದರ್ಜೆಗೆ ಏರಿಸಿದರು. ಆ ಕ್ಲಬ್ ಮತ್ತೆಂದೂ ಕೆಳಗಿಳಿದಿಲ್ಲ. 1980ರ ಆಫ್ರಿಕಾ ಕಪ್‌ನಲ್ಲಿ ತಾವು ಹುಟ್ಟಿದ ಮೊರಾಕೊಗೆ ಮೂರನೇ ಸ್ಥಾನ ತಂದುಕೊಟ್ಟರು.

ಹುಡುಗರು ಮೊದಮೊದಲು ಸೋತರೆ ನೀನು ಬೇಸರಪಟ್ಟು ಬಿಟ್ಟುಬಿಡಬೇಡ. ಅವರ ಬೂಟಿನ ಅಳತೆಗಳನ್ನು ಬರೆದು ಕಳುಹಿಸು, ಬರುವಾಗ ತರುತ್ತೇನೆ. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ ತಂಗಿ