ಎಂ.ಎ. ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಮೊನ್ನೆ ರಿಸಲ್ಟ್ ಬಂತು. ಇತಿಹಾಸ ಎಂ.ಎ., ಫಸ್ಟ್ ಕ್ಲಾಸ್. ಅಮ್ಮ ಅಕ್ಕಪಕ್ಕದ ಮನೆಗೆಲ್ಲ ಹೋಗಿ ಹೇಳಿ ಬಂದಳು. ಫೋನ್ ಮಾಡಿದವರಲ್ಲಿ ಬಹಳ ಜನ "ಕಣ್ಣು ಕಾಣದಿದ್ದರೂ ಎಂಥ ಸಾಧನೆ ಮಾಡಿದೆ ಮಗಳೇ" ಅಂದರು. ಖುಷಿಯಾಯಿತು. ಆದರೆ ನನ್ನ ಪಾಲಿನ ಕೆಲಸ ಓದೋದು, ಅದನ್ನು ಮಾಡಿದೆ. ಓದೋಕೆ ಆಗೋ ಹಾಗೆ ಪುಸ್ತಕ, ನೋಟ್ಸ್ ಎಲ್ಲ ಸರಿಮಾಡಿ ಕೊಟ್ಟವರು ಬೇರೆಯವರು. ಅವರಿಗೆ ಸುಮ್ನೆ ಒಂದು ಮಾತಲ್ಲಿ ಥ್ಯಾಂಕ್ಸ್ ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ. ಏನೇನು ಮಾಡಿದರು ಅಂತ ಬಿಡಿಸಿ ಬರೆಯುತ್ತೇನೆ, ಯಾಕಂದ್ರೆ ಅದರಲ್ಲಿ ಮುಕ್ಕಾಲು ಪಾಲು ಯಾವ ಕಾಲೇಜಿನಲ್ಲಾದರೂ ಖರ್ಚಿಲ್ಲದೆ ಮಾಡಬಹುದಾದ ಕೆಲಸ.

ನಾನು ತೀರ್ಥಹಳ್ಳಿ ಕಡೆಯವಳು. ಹೈಸ್ಕೂಲಿನಲ್ಲಿದ್ದಾಗ ದೃಷ್ಟಿ ಪೂರ್ತಿ ಹೋಯಿತು. ಡಿಗ್ರಿ ಮುಗಿಸಿದ್ದು ತಂಗಿ ಓದಿ ಹೇಳಿದ್ದನ್ನು ಕೇಳಿಕೊಂಡು. ಎಂ.ಎ.ಗೆ ಅಂತ ಹಾಸ್ಟೆಲ್ ಸೇರಿದ ಮೇಲೆ ತಂಗಿ ಜೊತೆಗಿಲ್ಲ, ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಅದರಲ್ಲಿ ಎನ್‌ವಿಡಿಎ. ಪರದೆ ಮೇಲೆ ಇರೋದನ್ನು ಓದಿ ಹೇಳುವ ತಂತ್ರಾಂಶ ಅದು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನೋರು ಶುರು ಮಾಡಿದರು, ಗೆಳೆಯ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಇವತ್ತಿಗೂ ಉಚಿತ, ಕನ್ನಡವನ್ನೂ ಓದುತ್ತದೆ. ಅಡಿಕೆ ಸುಲಿದು ಸಂಸಾರ ನಡೆಸುವ ನಮ್ಮಂಥ ಮನೆಗೆ ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶ ಎಟುಕುತ್ತಿರಲಿಲ್ಲ. ಎಲ್ಲೋ ಇರುವ ಆ ಇಬ್ಬರಿಗೆ ಮೊದಲ ನಮಸ್ಕಾರ.

ಮೊದಲ ಸೆಮಿಸ್ಟರ್ ಮಾತ್ರ ಅಳುವಂತಾಗಿತ್ತು. ನೋಟ್ಸ್ ಎಲ್ಲ ಗ್ರೂಪಿಗೆ ಹಾಕಿದ್ದೇವೆ ಅಂದರು. ಫೈಲ್ ತೆರೆದೆ. ಲ್ಯಾಪ್‌ಟಾಪ್ "ಪಿ ಝಡ್ ಎ ಡಾಲರ್ ಬ್ರಾಕೆಟ್" ಅಂತ ಒದರೋಕೆ ಶುರು ಮಾಡಿತು. ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಂಡೆ. ರೂಮಿನ ಗೆಳತಿ ನೋಡಿ "ಇಲ್ವಲ್ಲೇ, ಚೆನ್ನಾಗಿ ಕನ್ನಡ ಕಾಣ್ತಿದೆ" ಅಂದಳು. ಆಮೇಲೆ ಗೊತ್ತಾಯಿತು, ಅದು ಯೂನಿಕೋಡ್ (ಯಾವ ಕಂಪ್ಯೂಟರಿಗೂ ಕನ್ನಡವನ್ನು ಕನ್ನಡ ಅಂತಲೇ ತಿಳಿಸುವ ಅಕ್ಷರ ಪದ್ಧತಿ) ಅಲ್ಲದ ಹಳೆಯ ಫಾಂಟು. ಕಣ್ಣಿಗೆ ಕಾಣೋದು ಕನ್ನಡ, ಫೈಲಿನೊಳಗೆ ಕೂತಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಎನ್‌ವಿಡಿಎ ಪಾಪ ಒಳಗಿರೋದನ್ನೇ ಓದುತ್ತದೆ. ಆಫೀಸಿನಲ್ಲಿ ಕೇಳಿದರೆ "ಯಾರ ಹತ್ರನಾದ್ರೂ ಓದಿಸ್ಕೊಳ್ಳಮ್ಮ" ಅಂದರು. ಮೂರು ತಿಂಗಳು ಹಾಗೇ ಹೋಯಿತು. ಗೆಳತಿಯರು ತಮ್ಮ ಓದು ಮುಗಿಸಿ ರಾತ್ರಿ ಹತ್ತಕ್ಕೆ ನನಗೆ ಓದೋಕೆ ಕೂರುತ್ತಿದ್ದರು, ಅವರ ದನಿಯಲ್ಲಿ ನಿದ್ದೆ ಕೇಳಿಸುತ್ತಿತ್ತು, ನನಗೆ ಇನ್ನೊಂದು ಪುಟ ಓದಿ ಅನ್ನೋಕೆ ಬಾಯಿ ಬರುತ್ತಿರಲಿಲ್ಲ.

ಮೇಡಂ, ಈ ಮಾತು ನಿಮಗೆ. ಕೊನೆಗೊಂದು ದಿನ ನಿಮ್ಮ ಹತ್ತಿರ ಬಂದು ಹೇಳಿದೆ. ನೀವು ಸಮಾಧಾನದ ಮಾತಾಡಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ನನ್ನ ಇಯರ್‌ಫೋನಿನ ಒಂದು ಕಡೆಯದನ್ನು ಕಿವಿಗೆ ಹಾಕಿಕೊಂಡು, ನೀವೇ ಮಾಡಿದ ನೋಟ್ಸನ್ನು ಕೇಳಿದಿರಿ. ಒಂದು ನಿಮಿಷವೂ ಆಗಿರಲಿಲ್ಲ. ತೆಗೆದು ಮೇಜಿನ ಮೇಲಿಟ್ಟು "ಇಷ್ಟು ದಿನ ಇದನ್ನೇ ಕೇಳ್ತಿದ್ಯಾ?" ಅಂದಿರಿ. ಮರುದಿನ ಸಂಜೆಯೊಳಗೆ ಎಲ್ಲ ಪಾಠವೂ ಯೂನಿಕೋಡಿಗೆ ಬಂದಿತ್ತು. ಹಳೆಯ ಫಾಂಟನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶದಲ್ಲಿ ಹಾಕಿದರೆ ನಿಮಿಷಗಳ ಕೆಲಸವಂತೆ. ಆಮೇಲೆ ಬೇರೆ ಮೇಷ್ಟ್ರುಗಳಿಗೂ ನೀವೇ ಕೂತು ತೋರಿಸಿಕೊಟ್ಟಿರಿ.

ಅಲ್ಲಿಗೇ ನಿಲ್ಲಿಸಲಿಲ್ಲ. ತಲೆಬರಹಗಳನ್ನು ಸುಮ್ನೆ ದಪ್ಪ ಅಕ್ಷರ ಮಾಡದೆ ವರ್ಡ್‌ನ ಹೆಡಿಂಗ್ ಸ್ಟೈಲ್ ಕೊಟ್ಟು ಮಾಡೋಕೆ ಶುರು ಮಾಡಿದಿರಿ. ನೋಡುವವರಿಗೆ ಎರಡೂ ಒಂದೇ. ನನಗೆ ಒಂದು ಕೀ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ ಹಾರಬಹುದು, ಅರವತ್ತು ಪುಟದ ನೋಟ್ಸಿನಲ್ಲಿ ಕೆಳದಿ ನಾಯಕರು ಎಲ್ಲಿದ್ದಾರೆ ಅಂತ ಮೊದಲಿಂದ ಕೇಳುತ್ತಾ ಬರಬೇಕಿಲ್ಲ. ಚಿತ್ರ ಬಂದರೆ ಮೊದಲು "ಗ್ರಾಫಿಕ್" ಅಂದು ಮುಂದೆ ಹೋಗುತ್ತಿತ್ತು. ಈಗ ಚಿತ್ರದ ಹಿಂದೆ ನಿಮ್ಮ ಎರಡು ಸಾಲು ಇರುತ್ತದೆ. ಬಳ್ಳಿಗಾವಿಯ 1047ರ ಭೇರುಂಡ ಸ್ತಂಭದ ಚಿತ್ರಕ್ಕೆ "ಎತ್ತರದ ಕಲ್ಲಿನ ಕಂಬ, ಅದರ ಮೇಲೆ ಮನುಷ್ಯನ ಮೈಗೆ ಎರಡು ಹಕ್ಕಿ ತಲೆ" ಅಂತ ಬರೆದಿದ್ದಿರಿ. ಗಂಡಭೇರುಂಡ ಅಂದರೆ ಬರೀ ಹಕ್ಕಿ ಅಂತಲೇ ತಿಳಿದಿದ್ದ ನನಗೆ ಅವತ್ತು ಎಷ್ಟು ಆಶ್ಚರ್ಯ ಅಂತೀರಿ!

ಲೈಬ್ರರಿ ಸರ್‌ಗೆ ಬೇರೆಯೇ ಒಂದು ಥ್ಯಾಂಕ್ಸ್. ಪುಸ್ತಕ ಸ್ಕ್ಯಾನ್ ಮಾಡಿಕೊಡಿ ಅಂದಾಗ ಕಾಪಿರೈಟ್ ಅಂತ ಅವರು ಹಿಂದೆಮುಂದೆ ನೋಡಿದ್ದು ನಿಜ. ಆದರೆ ಆಗಲ್ಲ ಅಂತ ಕಳಿಸಲಿಲ್ಲ, ಹುಡುಕಿ ಓದಿದರು. 2012ರಲ್ಲೇ ನಮ್ಮ ಕಾಪಿರೈಟ್ ಕಾನೂನು ತಿದ್ದುಪಡಿಯಾಗಿ, ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಿಸಲು ಅವಕಾಶ ಸಿಕ್ಕಿದೆ. ಕಣ್ಣು ಕಾಣದವರಿಗೆ ಹೀಗೆ ಪುಸ್ತಕ ಸಿಗಲಿ ಅಂತ ದೇಶಗಳು ಮಾಡಿಕೊಂಡ 2013ರ ಮರ್ರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ, 2014ರಲ್ಲಿ. ಅದನ್ನು ನನಗೆ ಹೇಳುವಾಗ ಸರ್ ದನಿಯಲ್ಲಿ ಇದ್ದ ಹೆಮ್ಮೆ ನನಗಿನ್ನೂ ನೆನಪಿದೆ.

ಸ್ಕ್ಯಾನ್ ಆದರೆ ಮುಗಿಯಲಿಲ್ಲ. ಅದು ಬರೀ ಫೋಟೋ, ಅದರಿಂದ ಅಕ್ಷರ ಎತ್ತಬೇಕು. ಎತ್ತಿದಾಗ ಒತ್ತಕ್ಷರ ತಪ್ಪುತ್ತದೆ, ದ ಮತ್ತು ಧ ಅದಲುಬದಲಾಗುತ್ತದೆ. ಎಲ್ಲಕ್ಕಿಂತ ಕಾಟ ಕೊಟ್ಟಿದ್ದು ಅನುಸ್ವಾರ. ನೋಡೋಕೆ ಕನ್ನಡದ ಸೊನ್ನೆ ಅಂಕಿಯ ಹಾಗೇ ಇರೋದರಿಂದ ಕಂಪ್ಯೂಟರ್ ಸೊನ್ನೆಯನ್ನೇ ಹಾಕಿಬಿಡುತ್ತದೆ. ನನ್ನ ಕಿವಿಗೆ ಕದಂಬ ಅನ್ನೋದು "ಕದ ಸೊನ್ನೆ ಬ" ಅಂತ ಬರುತ್ತಿತ್ತು. ಪುಟಪೂರ್ತಿ ಹಾಗೇ. ಒಟ್ಟಿಗೆ ಬದಲಿಸೋಣ ಅಂದರೆ ಇಸವಿಗಳಲ್ಲಿರುವ ನಿಜವಾದ ಸೊನ್ನೆಯೂ ಹೋಗುತ್ತದೆ. ನನ್ನ ಕ್ಲಾಸಿನ ಐದು ಜನ ಪುಟ ಹಂಚಿಕೊಂಡು ಒಂದೊಂದಾಗಿ ತಿದ್ದಿದರು. ಒಂದು ಪುಸ್ತಕಕ್ಕೆ ಮೂರು ವಾರ. ನೀವು ತಿದ್ದಿದ ಆ ಸೊನ್ನೆಗಳನ್ನು ನಾನು ಮರೆಯುವುದಿಲ್ಲ ಕಣ್ರೋ.

ಎರಡನೇ ವರ್ಷ ಕಿವಿ ಕೇಳದ ತಮ್ಮನೊಬ್ಬ ಜೂನಿಯರ್ ಆಗಿ ಬಂದ. ಅವನಿಗೆ ಪಾಠ ಅಕ್ಷರದಲ್ಲಿ ಬೇಕು. ಮಾತನ್ನು ಬರೆದುಕೊಡುವ ಮೊಬೈಲ್ ಆಪ್ ಹಾಕಿದರು, ಅದು ಬಳ್ಳಿಗಾವಿಯನ್ನು ಬೆಳಗಾವಿ ಮಾಡುತ್ತಿತ್ತು, ಅವನ ಕ್ಲಾಸಿನವರು ಸರದಿ ಮೇಲೆ ಸರಿಪಡಿಸಿ ಕೊಡುತ್ತಿದ್ದರು. ಅವನಿಗೆ ಮಾಡಿದ ಆ ಫೈಲ್ ನನಗೂ ಬಂತು, ನಾನು ಬಿಟ್ಟಿದ್ದ ಪಾಠಗಳನ್ನೆಲ್ಲ ಹುಡುಕಿ ಕೇಳಿಕೊಂಡೆ. ಜುಲೈನಲ್ಲಿ ಮಳೆ ಹಿಡಿದು ಹೊಸನಗರ ಕಡೆಯಿಂದ ಬಸ್ ಬಾರದ ದಿನಗಳಲ್ಲಿ ಮನೆಯಲ್ಲೇ ಉಳಿದವರೂ ಅದನ್ನೇ ಓದಿದರು. ಸ್ಕ್ಯಾನ್ ಮಾಡಿದ ದಪ್ಪ ಪಿಡಿಎಫ್ ನಮ್ಮೂರುಗಳ ನೆಟ್‌ವರ್ಕಿಗೆ ಇಳಿಯೋದೇ ಇಲ್ಲ ಅಲ್ವಾ, ಅಕ್ಷರದ ಫೈಲ್ ಗುಡ್ಡ ಹತ್ತದೆಯೇ ಇಳಿಯುತ್ತದೆ.

ಪರೀಕ್ಷೆ ಬರೆದುಕೊಟ್ಟ ಪುಟ್ಟಿಗೆ ಏನು ಹೇಳಲಿ. ಮೂರು ಗಂಟೆಯ ಪೇಪರಿಗೆ ನನಗೆ ಒಂದು ಗಂಟೆ ಜಾಸ್ತಿ ಸಿಗುತ್ತದೆ, ಗಂಟೆಗೆ ಕನಿಷ್ಠ 20 ನಿಮಿಷ ಕೊಡಬೇಕು ಅಂತ 2018ರ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಅಂದರೆ ಅವಳು ನಾಲ್ಕು ಗಂಟೆ ಬರೆಯಬೇಕು. ಪ್ರತಿ ಉತ್ತರವನ್ನೂ ಮೆಲ್ಲಗೆ ಓದಿ ಹೇಳಿ, ನಾನು ಹೂಂ ಅಂದ ಮೇಲೇ ಮುಂದಕ್ಕೆ ಹೋಗುತ್ತಿದ್ದಳು. ಕೊನೆ ಪೇಪರಿನ ದಿನ ಅವಳ ಕೈ ಹಿಡಿದಾಗ ಬೆರಳ ಮೇಲೆ ಪೆನ್ನು ಒತ್ತಿದ ಗಂಟು ಸಿಕ್ಕಿತು.

ಇನ್ನು ನಕ್ಷೆ. ಅದನ್ನು ಹೇಳದಿದ್ದರೆ ಆಗಲ್ಲ. ಕದಂಬರ ಪಾಠದ ಹೊತ್ತಿಗೆ ಮೇಡಂ ಒಂದು ರಟ್ಟು ತಂದು ನನ್ನ ಮುಂದಿಟ್ಟರು. ನದಿಗಳಿಗೆ ದಾರ, ಘಟ್ಟಕ್ಕೆ ಮರಳುಕಾಗದ, ಊರುಗಳಿಗೆ ಹುಣಸೆ ಬೀಜ, ರಾಜಧಾನಿ ಬನವಾಸಿಗೆ ಅಂಗಿ ಗುಂಡಿ. ತುಂಗೆಯ ದಾರ ಹಿಡಿದು ಬೆರಳಾಡಿಸಿದೆ. ಭದ್ರೆಯ ದಾರ ಬಂದು ಸೇರಿತು. "ಇದು ಕೂಡಲಿ" ಅಂದರು. ವರದಾ ನದಿ ಗುಂಡಿಯ ಪಕ್ಕದಲ್ಲೇ ಸುತ್ತಿಕೊಂಡು ಹೋಗಿತ್ತು, ಸ್ವಲ್ಪ ದೂರಕ್ಕೆ ತಾಳಗುಂದದ ಬೀಜ. ಶರಾವತಿ ನಮ್ಮ ತಾಲೂಕಿನ ಅಂಬುತೀರ್ಥದಲ್ಲೇ ಹುಟ್ಟಿದರೂ ಪಶ್ಚಿಮಕ್ಕೆ ಹೋಗುತ್ತದೆ, ತುಂಗೆ ಪೂರ್ವಕ್ಕೆ ಹೋಗುತ್ತದೆ, ಇದನ್ನು ಚಿಕ್ಕಂದಿನಿಂದ ಕೇಳಿದ್ದೆ. ಎರಡು ದಾರ ಎರಡು ದಿಕ್ಕಿಗೆ ಹೋಗೋದು ಕೈಗೆ ಸಿಕ್ಕಿದ್ದು ಅವತ್ತೇ. ತುಂಗೆ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ಪಾಠ ಮುಗಿದರೂ ಕೈ ತೆಗೆಯೋಕೆ ಮನಸ್ಸಾಗಲಿಲ್ಲ, ಮೇಡಂ ಬಾಗಿಲು ಹಾಕದೆ ಕಾಯ್ದರು.

ಆ ರಟ್ಟು ಈಗಲೂ ವಿಭಾಗದ ಬೀರುವಿನ ಮೇಲಿದೆ. ಈ ವರ್ಷ ನನ್ನ ಹಾಗೇ ಇರುವ ಇನ್ನೊಬ್ಬಳು ಸೇರುತ್ತಾಳೆ ಅಂತ ಕೇಳಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಮೇಡಂ, ಬಿಸಿಲು ಬಿದ್ದ ದಿನ ಒಮ್ಮೆ ಹೊರಗಿಡಿ. ಭದ್ರೆಯ ದಾರ ಒಂದು ಕಡೆ ಬಿಟ್ಟಿತ್ತು, ಅಂಟು ತಂದು ನಾನೇ ಹಚ್ಚುತ್ತೇನೆ, ಮುಂದಿನ ಸೋಮವಾರ ಮಾರ್ಕ್ಸ್ ಕಾರ್ಡಿಗೆ ಬಂದಾಗ.